ಮಳೆಯಲ್ಲಿ ಬ್ಯಾಗಿನ ತಳ ನೋಡಿ

ಗಾಲ್ಫ್: ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆಯ ಬಗ್ಗೆಯೇ ಇವೆ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನಾನು 11 ವರ್ಷ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊತ್ತವನು. ಆಮೇಲಿನಿಂದ ಇವತ್ತಿನವರೆಗೂ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಅದರ ರಿಪೇರಿಯೇ ನನ್ನ ಕೆಲಸ. ಹೊರುವಾಗ ನೋಡಿದ್ದು, ಬಿಚ್ಚುವಾಗ ಕಂಡಿದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಆಡಲು ಶುರು ಮಾಡಿ ಎಂಟು ತಿಂಗಳಾಯಿತು. ಬ್ಯಾಗಿನ ಜೊತೆ ಟೋಪಿಯಂಥ ಒಂದು ಚಿಕ್ಕ ಹುಡ್ ಬಂದಿದೆ. ಮಳೆಗೆ ಅದು ಸಾಕಾ, ಇಲ್ಲ ಇಡೀ ಬ್ಯಾಗ್ ಮುಚ್ಚುವ ಕವರ್ ಬೇಕಾ? "ಕ್ಲಬ್ ಉಕ್ಕಿನದ್ದು ತಾನೇ, ಒರೆಸಿದರಾಯಿತು" ಅಂತ ಜೊತೆಯವರು ಹೇಳುತ್ತಾರೆ.
— ಹೊಸ ಆಟಗಾರ

ಜೊತೆಯವರು ಕ್ಲಬ್ಬಿನ ತಲೆಯನ್ನಷ್ಟೇ ನೋಡಿ ಮಾತಾಡುತ್ತಿದ್ದಾರೆ. ತಲೆ ಒರೆಸಿದರೆ ಒಣಗುತ್ತದೆ, ಅದು ನಿಜ. ಆದರೆ ಬ್ಯಾಗಿನಲ್ಲಿ ಕ್ಲಬ್ ಹೇಗೆ ನಿಂತಿರುತ್ತದೆ ಒಮ್ಮೆ ನೋಡಿ. ತಲೆ ಮೇಲೆ, ಕೈಯಲ್ಲಿ ಹಿಡಿಯುವ ಗ್ರಿಪ್ ಕೆಳಗೆ. ತಲೆಯ ಮೇಲೆ ಬಿದ್ದ ಹನಿ ಅಲ್ಲೇ ನಿಲ್ಲುವುದಿಲ್ಲ. ಶಾಫ್ಟ್, ಅಂದರೆ ನಡುವಿನ ಉದ್ದ ದಂಡ, ಹಿಡಿದು ಸೀದಾ ಕೆಳಗೆ ಇಳಿಯುತ್ತದೆ. ಕೆಳಗೆ ಇರುವುದು ಗ್ರಿಪ್. ಬ್ಯಾಗಿನಲ್ಲಿ 14 ಕ್ಲಬ್ ಇದ್ದರೆ 14 ಶಾಫ್ಟಿನ ನೀರೂ ಒಂದೇ ತಳಕ್ಕೆ ಬಂದು ಸೇರುತ್ತದೆ. ಬಹಳಷ್ಟು ಬ್ಯಾಗುಗಳ ತಳದಲ್ಲಿ ನೀರು ಹೋಗಲು ದಾರಿಯೇ ಇರುವುದಿಲ್ಲ. ಹಾಗಾಗಿ ಆಟಗಾರ ಕೈಯಲ್ಲಿ ಹಿಡಿಯಬೇಕಾದ ಜಾಗವೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೀರಲ್ಲಿ ನಿಂತಿರುತ್ತದೆ.

ಮಳೆಯಲ್ಲಿ ಮೊದಲು ಕಾಪಾಡಬೇಕಾದ್ದು ಗ್ರಿಪ್. ತಲೆಯ ಮಾತು ಆಮೇಲೆ. ಕವರ್ ಕೊಳ್ಳುವಾಗಲೂ ಹಾಕುವಾಗಲೂ ಇದೊಂದು ನೆನಪಿರಲಿ.

ಇನ್ನೊಂದು ವಿಷಯ ಇದೆ, ಹೊರಗೆ ಕಾಣುವುದಿಲ್ಲ. ನಿಮ್ಮ ಯಾವುದಾದರೂ ಒಂದು ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ತೆಗೆದು ಗ್ರಿಪ್ಪಿನ ತುದಿ ನೋಡಿ. ಮುಚ್ಚಳದ ನಡುವೆ ಸಣ್ಣ ತೂತು ಕಾಣುತ್ತದೆ. ಗ್ರಿಪ್ ಹಾಕುವಾಗ ಒಳಗಿನ ಗಾಳಿ ಹೊರಗೆ ಹೋಗಲಿ ಅಂತ ಬಿಟ್ಟ ತೂತು ಅದು. ಬ್ಯಾಗಿನ ತಳದಲ್ಲಿ ನೀರು ನಿಂತರೆ ಅದೇ ತೂತಿನಿಂದ ಶಾಫ್ಟಿನ ಒಳಕ್ಕೆ ಹೋಗುತ್ತದೆ. ಉಕ್ಕಿನ ಶಾಫ್ಟಿನ ಹೊರಮೈಗೆ ಹೊಳೆಯುವ ಕ್ರೋಮ್ ಲೇಪ ಇರುತ್ತದೆ. ಒಳಮೈಗೆ ಆ ರಕ್ಷಣೆ ಇಲ್ಲ.

ಒಮ್ಮೆ ಒಬ್ಬರು ತಮ್ಮ 7ನೇ ನಂಬರ್ ಐರನ್ ತಂದುಕೊಟ್ಟರು. ಅಲ್ಲಾಡಿಸಿದರೆ ಒಳಗೆ ಏನೋ ಸರಸರ ಅನ್ನುತ್ತದೆ, ಹೊಡೆಯುವಾಗ ಗ್ರಿಪ್ ಸ್ವಲ್ಪ ತಿರುಗಿದ ಹಾಗಾಗುತ್ತದೆ ಅಂದರು. ಹೊರಗಿನಿಂದ ನೋಡಿದರೆ ಕ್ಲಬ್ ಹೊಸದರ ಹಾಗೆ ಹೊಳೆಯುತ್ತಿತ್ತು. ಕೊಕ್ಕೆ ಚಾಕುವಿನಿಂದ ಗ್ರಿಪ್ ಸೀಳಿ ತೆಗೆದೆ. ಕೆಳಗಿದ್ದ ಟೇಪ್ ನೆನೆದು ಕಂದು ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟಿಕೊಂಡಿತು. ಶಾಫ್ಟಿನ ಬಾಯಿ ಕೆಳಗೆ ಮಾಡಿದೆ. ಮೊದಲು ಕೆಂಪು ನೀರು ನಾಲ್ಕು ಹನಿ ಬಂತು. ಬೆಂಚಿಗೆ ತಟ್ಟಿದೆ, ತುಕ್ಕಿನ ಪುಡಿ ಉದುರಿತು. ಬಿಳಿ ಬಟ್ಟೆ ಹಾಸಿದ್ದೆ. ಅದರ ಮೇಲೆ ಆದ ಗುಡ್ಡೆಯನ್ನು ನೋಡಿ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎರಡು ಮಳೆಗಾಲ ಅವರು ಬರೀ ತಲೆ ಒರೆಸಿ ಬ್ಯಾಗಿಗೆ ವಾಪಸ್ ಹಾಕಿದ್ದರು.

ಈಗ ನಿಮ್ಮ ಹುಡ್ ವಿಷಯ. ಬ್ಯಾಗಿನ ಬಾಯಿಯ ಸುತ್ತ ಟಿಚ್ ಬಟನ್ ಹಾಕಿ ಕೂರಿಸುವ, ಮೇಲೆ ಝಿಪ್ ಇರುವ ಹುಡ್ ಅಲ್ವಾ? ತುಂತುರು ಮಳೆಗೆ ಸಾಕು. ಅರ್ಧ ಗಂಟೆಯ ಸಾಧಾರಣ ಮಳೆಗೂ ಸಾಕು. ಅದಕ್ಕಿಂತ ಮುಂದೆ ಹೋದರೆ ಎರಡು ಕಡೆ ಸೋಲುತ್ತದೆ. ಒಂದು, ಬಟನ್ ಮತ್ತು ಬಟನ್ನಿನ ನಡುವೆ ಬಟ್ಟೆ ಬಾಯಿಬಿಡುತ್ತದೆ, ಗಾಳಿಮಳೆಯಾದರೆ ಹನಿ ಓರೆಯಾಗಿ ಅಲ್ಲಿಂದಲೇ ನುಗ್ಗುತ್ತದೆ. ಇನ್ನೊಂದು, ಹುಡ್ ಮುಚ್ಚುವುದು ಬಾಯಿಯನ್ನು ಮಾತ್ರ. ಬ್ಯಾಗಿನ ಮೈ, ಜೇಬಿನ ಝಿಪ್ಪು, ಹೊಲಿಗೆ ಎಲ್ಲ ಬಯಲಲ್ಲೇ ಇರುತ್ತವೆ. ಬ್ಯಾಗೇ ವಾಟರ್‌ಪ್ರೂಫ್ ಅಂತ ಮಾಡಿದ್ದಾದರೆ ಹುಡ್ ಸಾಕು. ಮಾಮೂಲಿ ಬ್ಯಾಗಾದರೆ ಮೈ ಪೂರ್ತಿ ಮುಚ್ಚುವ ಕವರ್ ಬೇಕು.

ಯಾವುದೇ ಇರಲಿ, ಹಾಕುವ ಹೊತ್ತು ಮುಖ್ಯ. ಕ್ಯಾಡಿಯಾಗಿದ್ದ ಮೊದಲ ವರ್ಷ ನಾನೇ ಈ ತಪ್ಪು ಮಾಡಿದೆ. ಮೋಡ ಕಟ್ಟಿತ್ತು, ಹನಿ ಬೀಳಲಿ ನೋಡೋಣ ಅಂತ ಕವರನ್ನು ಜೇಬಲ್ಲೇ ಬಿಟ್ಟೆ. ಮಳೆ ಒಂದೇ ಸಲ ಸುರಿಯಿತು. ಜೇಬು ತೆಗೆದು, ಮಡಿಕೆ ಬಿಡಿಸಿ, ಯಾವ ಕಡೆ ಮುಂದೆ ಯಾವ ಕಡೆ ಹಿಂದೆ ಅಂತ ಹುಡುಕಿ ಹಾಕುವಷ್ಟರಲ್ಲಿ ಬ್ಯಾಗಿನ ಬಾಯಲ್ಲಿ ನೀರು ಹೊಳೆಯುತ್ತಿತ್ತು. ಆಮೇಲೆ ಕವರ್ ಹಾಕಿದೆ, ಆದರೆ ಆಗಲೇ ಒಳಗೆ ಹೋದ ನೀರನ್ನು ಮುಚ್ಚಿಟ್ಟ ಹಾಗಾಯಿತು ಅಷ್ಟೇ. ಎರಡು ಹೋಲ್ (ಚೆಂಡು ಬೀಳಿಸಬೇಕಾದ ಗುಂಡಿ) ಆದಮೇಲೆ ನಮ್ಮ ಆಟಗಾರರ ಕೈಯಿಂದ 5ನೇ ಐರನ್ ಜಾರಿ ಹತ್ತು ಹೆಜ್ಜೆ ದೂರ ಹೋಗಿ ಬಿತ್ತು. ಎದುರಿಗೆ ಯಾರೂ ಇರಲಿಲ್ಲ, ಪುಣ್ಯ. ಆವತ್ತಿನಿಂದ ಮೋಡ ಕಪ್ಪಾದರೆ ಸಾಕು, ನನ್ನ ಕೈ ಕವರಿನ ಮೇಲೆ.

ಮನೆಯಲ್ಲೇ ಎರಡು ಮೂರು ಸಲ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಯಾವ ರಂಧ್ರದಲ್ಲಿ ಭುಜದ ಪಟ್ಟಿ ಬರಬೇಕು, ಸ್ಟ್ಯಾಂಡ್ ಬ್ಯಾಗಾದರೆ ಕಾಲುಗಳು ಎಲ್ಲಿಂದ ಹೊರಗೆ ಬರಬೇಕು, ಇದೆಲ್ಲ ಮಳೆಯಲ್ಲಿ ನಿಂತು ಕಲಿಯುವ ವಿಷಯ ಅಲ್ಲ.

ಕವರ್ ಆರಿಸುವಾಗ ಏನು ನೋಡಬೇಕು? ಪಾರದರ್ಶಕ ಪ್ಲಾಸ್ಟಿಕ್ಕಿನದ್ದೂ ಇದೆ, ನೈಲಾನ್ ಬಟ್ಟೆಯದ್ದೂ ಇದೆ. "10,000 ಎಂಎಂ" ಅಂತೆಲ್ಲ ಬರೆದಿರುತ್ತಾರೆ. ಅದೇನು?
— ವಾರಕ್ಕೊಮ್ಮೆ ಆಡುವವರು

ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸುತ್ತಾ ಹೋದರೆ ಎಷ್ಟು ಎತ್ತರಕ್ಕೆ ನೀರು ಒಳಗೆ ಜಿನುಗಲು ಶುರುವಾಗುತ್ತದೆ ಅನ್ನುವ ಲೆಕ್ಕ ಅದು. 10,000 ಎಂಎಂ ಅಂದರೆ 10 ಮೀಟರ್ ನೀರಿನ ಒತ್ತಡ ತಡೆಯುವ ಬಟ್ಟೆ. ಬ್ಯಾಗಿಗೆ ಧಾರಾಳ ಆಯಿತು. ಆದರೆ ಆ ಸಂಖ್ಯೆ ಬಟ್ಟೆಗೆ ಸೇರಿದ್ದು, ಹೊಲಿಗೆಗೆ ಅಲ್ಲ. ಸೂಜಿ ಹೋದ ಕಡೆಯೆಲ್ಲ ತೂತು ಇರುತ್ತದೆ. ಕವರನ್ನು ಒಳಮಗ್ಗುಲು ತಿರುಗಿಸಿ ನೋಡಿ. ಹೊಲಿಗೆಯ ಉದ್ದಕ್ಕೂ ಬೆರಳಗಲದ ನುಣುಪು ಟೇಪ್ ಅಂಟಿಸಿದ್ದರೆ ಒಳ್ಳೆಯದು. ಬರೀ ದಾರ ಕಂಡರೆ ಎಷ್ಟು ದೊಡ್ಡ ಸಂಖ್ಯೆ ಬರೆದಿದ್ದರೂ ಅಲ್ಲಿ ಸೋರುತ್ತದೆ.

ಪಾರದರ್ಶಕ ಕವರಿನ ಒಂದು ಗುಣ ನನಗೆ ಇಷ್ಟ. ಒಳಗೆ ಯಾವ ಕ್ಲಬ್ ಎಲ್ಲಿದೆ ಅಂತ ತೆರೆಯದೇ ಕಾಣುತ್ತದೆ. ಹುಡುಕುವ ಹೊತ್ತು ಉಳಿದಷ್ಟೂ ಬಾಯಿ ತೆರೆದಿರುವ ಹೊತ್ತು ಕಡಿಮೆ. ಆದರೆ ಆ ಪ್ಲಾಸ್ಟಿಕ್ ಚಳಿಗೆ ಬಿರುಸಾಗುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ, ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಒದ್ದೆಯಾಗಿ ಮಡಿಸಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಲೇಪ ಹಾಕಿದ ನೈಲಾನ್ ಜಾಸ್ತಿ ದಿನ ಬರುತ್ತದೆ, ಮುಷ್ಟಿಯಷ್ಟಾಗಿ ಮಡಚಿಕೊಳ್ಳುತ್ತದೆ, ಗಾಳಿಗೆ ಪಟಪಟ ಅನ್ನುವುದೂ ಕಡಿಮೆ. ನನ್ನನ್ನು ಕೇಳಿದರೆ ಮೈಯೆಲ್ಲ ನೈಲಾನ್, ಮೇಲ್ಭಾಗ ಮಾತ್ರ ಪಾರದರ್ಶಕ ಇರುವಂಥದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ಬಾಯಿ ತೆರೆಯುವ ಝಿಪ್ಪಿನ ಮೇಲೆ ಮುಚ್ಚುವ ಬಟ್ಟೆಯ ಪಟ್ಟಿ ಇರಬೇಕು. ಇಲ್ಲದಿದ್ದರೆ ನೀರು ಹಲ್ಲಿನ ಸಂದಿಯಿಂದ ಇಳಿಯುತ್ತದೆ. ಒದ್ದೆ ಕೈಯಲ್ಲಿ, ಗ್ಲೌಸ್ ಹಾಕಿಕೊಂಡೇ ಎಳೆಯಲು ಆಗುವ ಹಾಗೆ ಝಿಪ್ಪಿಗೆ ದಾರವೋ ಕುಣಿಕೆಯೋ ಇರಲಿ. ಇಲ್ಲದಿದ್ದರೆ ನೀವೇ ಒಂದು ತುಂಡು ದಾರ ಕಟ್ಟಿ. ವೆಲ್‌ಕ್ರೋ ಮಾತ್ರ ಇರುವ ಬಾಯಿಯನ್ನು ನಾನು ನಂಬುವುದಿಲ್ಲ. ಮಣ್ಣು, ಹುಲ್ಲಿನ ಚೂರು ಸೇರಿದರೆ ಅದು ಹಿಡಿಯುವುದೇ ಇಲ್ಲ.

ತಂದ ದಿನವೇ ಬಚ್ಚಲಲ್ಲಿ ಒಂದು ಪರೀಕ್ಷೆ ಮಾಡಿ. ಕ್ಲಬ್ ತೆಗೆದ ಖಾಲಿ ಬ್ಯಾಗಿಗೆ ಕವರ್ ಹಾಕಿ. ಬಾಯಿಯ ಅಂಚಿಗೂ ತಳದೊಳಗೂ ಒಣ ಕಾಗದ ಹಾಸಿ. ಮೇಲಿನಿಂದ ನಾಲ್ಕು ಚೊಂಬು ನೀರು ನಿಧಾನವಾಗಿ ಸುರಿಯಿರಿ, ಒಂದು ಚೊಂಬು ಪಕ್ಕದಿಂದಲೂ. ಹತ್ತು ನಿಮಿಷ ಬಿಟ್ಟು ಕಾಗದ ತೆಗೆದು ನೋಡಿ. ಎಲ್ಲಿ ನೆನೆದಿದೆಯೋ ಅದಕ್ಕೆ ನೇರ ಮೇಲಿನ ಹೊಲಿಗೆ ಸೋರುತ್ತಿದೆ ಅಂತ ಅರ್ಥ. ಹೊಲಿಗೆಗೆ ಹಚ್ಚುವ ಸೀಲರ್ ಸಿಗುತ್ತದೆ, ಒಣ ಕವರಿಗೆ ಒಳಗಿನಿಂದ ಹಚ್ಚಿ.

ಟ್ರಾಲಿಯಲ್ಲಿ ಬ್ಯಾಗ್ ಇಡುವವರಿಗೆ ಒಂದು ಮಾತು. ಮೊದಲು ಕವರ್ ಹಾಕಿ, ಆಮೇಲೆ ಟ್ರಾಲಿಯ ಬೆಲ್ಟನ್ನು ಕವರಿನ ಮೇಲಿನಿಂದ ಬಿಗಿಯಿರಿ. ಬೆಲ್ಟ್ ಒಳಗೆ, ಕವರ್ ಹೊರಗೆ ಸಡಿಲವಾಗಿದ್ದರೆ ಗಾಳಿ ತುಂಬಿಕೊಂಡು ಟ್ರಾಲಿಯನ್ನೇ ಉರುಳಿಸುತ್ತದೆ. ನಿಲ್ಲಿಸುವಾಗ ಬ್ಯಾಗಿನ ಬೆನ್ನು ಗಾಳಿಯ ಕಡೆಗಿರಲಿ.

ಕವರ್ ಹಾಕಿಯೂ ಗ್ರಿಪ್ ಒದ್ದೆಯಾಗುತ್ತದೆ. ಯಾಕೆ?
— ಬೇಸರಗೊಂಡ ಓದುಗರು

ಹೊಡೆದ ಮೇಲೆ ಕ್ಲಬ್ಬನ್ನು ಹಾಗೇ ಒಳಗೆ ಹಾಕುತ್ತಿದ್ದೀರಿ. ಒದ್ದೆ ಕ್ಲಬ್ ಒಂದು ಒಳಗೆ ಹೋದರೆ ಸಾಕು. ಅದರ ನೀರು ತಳಕ್ಕಿಳಿದು ಪಕ್ಕದ ಗ್ರಿಪ್ಪಿಗೆ ತಾಗುತ್ತದೆ.

ಎರಡು ಟವೆಲ್ ಇಟ್ಟುಕೊಳ್ಳಿ. ಒಂದು ತಲೆ ಮತ್ತು ಶಾಫ್ಟಿಗೆ, ಅದು ಕೊಳೆಯಾಗಲಿ, ನೆನೆಯಲಿ. ಇನ್ನೊಂದು ಗ್ರಿಪ್ಪಿಗೆ ಮಾತ್ರ. ಅದನ್ನು ಕೊಡೆಯ ಒಳಗಿನ ಕಡ್ಡಿಗೆ ತೂಗುಹಾಕಿ. ಕೊಡೆ ಬಿಚ್ಚಿದಾಗ ಇಡೀ ಮೈದಾನದಲ್ಲಿ ಒಣಗಿರುವ ಜಾಗ ಅದೊಂದೇ. ಕ್ಯಾಡಿಗಳು ಹೀಗೇ ಮಾಡುವುದು. ಕ್ಲಬ್ ತೆಗೆದ ಕೂಡಲೇ ಬಾಯಿ ಮುಚ್ಚಿ, ಗ್ರಿಪ್ಪನ್ನು ಕಂಕುಳ ಹತ್ತಿರ ಕೊಡೆಯ ಕೆಳಗೆ ಹಿಡಿದುಕೊಳ್ಳಿ. ಚೆಂಡಿನ ಮುಂದೆ ನಿಂತ ಮೇಲೆ ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಮಗ್ಗುಲು, ಒರೆಸಿ. ಮುಖಕ್ಕೂ ಚೆಂಡಿಗೂ ನಡುವೆ ನೀರಿದ್ದರೆ ಗೀರುಗಳು ಚೆಂಡನ್ನು ಸರಿಯಾಗಿ ಹಿಡಿಯುವುದಿಲ್ಲ. ವೆಜ್‌ನಲ್ಲಿ (ಚೆಂಡನ್ನು ಎತ್ತರಕ್ಕೆ ಎತ್ತಿ ಹತ್ತಿರಕ್ಕೆ ಹೊಡೆಯುವ ಐರನ್) ಸ್ಪಿನ್ ಕಡಿಮೆಯಾಗಿ ಚೆಂಡು ಬಿದ್ದ ಮೇಲೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಉರುಳುತ್ತದೆ.

ಗ್ಲೌಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾಮೂಲಿ ಚರ್ಮದ ಗ್ಲೌಸ್ ನೆನೆದರೆ ಜಾರುತ್ತದೆ, ಒಣಗಿದರೆ ಹಪ್ಪಳದ ಹಾಗೆ ಬಿರುಸಾಗುತ್ತದೆ. ಮಳೆಗೆ ಅಂತಲೇ ಮಾಡಿದ ಗ್ಲೌಸ್ ಬೇರೆ ಇದೆ. ಎರಡೂ ಕೈಗೆ ಹಾಕುವಂಥದ್ದು, ನೆನೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಕವರಿನ ಜೊತೆಗೇ ಅದನ್ನೂ ಇಟ್ಟುಕೊಳ್ಳಿ.

ನಾನು ಕ್ಯಾಡಿ. ಜಡಿಮಳೆ ಬರುತ್ತಿತ್ತು, ಗ್ರಿಪ್ ನೆನೆಯದಿರಲಿ ಅಂತ ನಮ್ಮ ಸಾಹೇಬರು ಪಟ್ ಮಾಡುವಾಗಲೂ (ಚೆಂಡನ್ನು ಗುಂಡಿಗೆ ಮೆಲ್ಲಗೆ ಉರುಳಿಸುವಾಗಲೂ) ಅವರ ಮೇಲೆ ಕೊಡೆ ಹಿಡಿದೇ ಇದ್ದೆ. ಎರಡು ಸ್ಟ್ರೋಕ್ (ಹೊಡೆತ) ಪೆನಾಲ್ಟಿ ಹಾಕಿದರು. ನಾನು ಮಾಡಿದ್ದು ತಪ್ಪಾ ಅಣ್ಣ?
— ನಿಮ್ಮ ಹಾಗೇ ಬ್ಯಾಗ್ ಹೊರುವವನು

ತಮ್ಮಾ, ನಿನ್ನ ಮನಸ್ಸು ಸರಿಯಾಗೇ ಇತ್ತು. ಆದರೆ ಗಾಲ್ಫ್ ನಿಯಮಾವಳಿಯ ನಿಯಮ 10.2ಬಿ ಪ್ರಕಾರ ಪೆನಾಲ್ಟಿ ಸರಿ. ಸ್ಟ್ರೋಕ್ ಹೊಡೆಯುವ ಆ ಕ್ಷಣದಲ್ಲಿ ಆಟಗಾರರಿಗೆ ಮಳೆ, ಬಿಸಿಲು, ಗಾಳಿ ತಾಗದ ಹಾಗೆ ಬೇರೆಯವರು ಬೇಕೆಂದೇ ಅಡ್ಡ ನಿಲ್ಲುವ ಹಾಗಿಲ್ಲ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್, ಒಂದೊಂದು ಹೋಲನ್ನೂ ಗೆಲ್ಲುವ ಮ್ಯಾಚ್ ಪ್ಲೇಯಲ್ಲಾದರೆ ಆ ಹೋಲೇ ಹೋಗುತ್ತದೆ. ಅವರು ತಾವೇ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹತ್ತಿರದ ಪಟ್ ಮಾಡಿದರೆ ತಪ್ಪಿಲ್ಲ. ಹೊಡೆಯಲು ಶುರು ಮಾಡುವವರೆಗೂ ನೀನು ಹಿಡಿಯಬಹುದು. ಅವರು ಚೆಂಡಿನ ಮೇಲೆ ಕಣ್ಣಿಟ್ಟ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿ, ಕೊಡೆಯನ್ನು ಬ್ಯಾಗಿನ ಮೇಲೆ ಹಿಡಿ. ಬ್ಯಾಗಿಗೆ ಕೊಡೆ ಹಿಡಿಯಬೇಡ ಅಂತ ಯಾವ ನಿಯಮವೂ ಹೇಳುವುದಿಲ್ಲ.

ತೀರಿಹೋದ ನಮ್ಮ ತಂದೆಯವರ ಕ್ಲಬ್ಬುಗಳು ನನ್ನ ಹತ್ತಿರ ಇವೆ. ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಮರದ್ದು. ಐರನ್‌ಗಳಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಂದಿವೆ. ಅವರ ಕ್ಲಬ್ಬಿನಲ್ಲೇ ಆಡಬೇಕು ಅಂತ ನನಗೆ ಆಸೆ. ಕವರ್ ಹಾಕಿದರೆ ಮಳೆಗಾಲದಲ್ಲೂ ಒಯ್ಯಬಹುದಾ?
— ಮಗಳು

ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆ ಕ್ಲಬ್ಬುಗಳಲ್ಲಿ ಆಡಿ, ಖಂಡಿತ ಆಡಿ. ಪೆಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ಅದೇ ಒಳ್ಳೆಯದು. ಮರದ ಡ್ರೈವರನ್ನು ಮಾತ್ರ ಮಳೆಯ ದಿನ ಮನೆಯಲ್ಲೇ ಬಿಡಿ.

ಆ ಕಾಲದ ಡ್ರೈವರ್ ತಲೆಗಳನ್ನು ಹೆಚ್ಚಾಗಿ ಪರ್ಸಿಮನ್ ಅನ್ನುವ ಗಟ್ಟಿ ಮರದಿಂದ ಮಾಡುತ್ತಿದ್ದರು. ಗಟ್ಟಿಯಾದರೂ ಮರ ಮರವೇ. ವಾರ್ನಿಶ್ ಬಿರುಕು ಬಿಟ್ಟ ಕಡೆ ನೀರು ಕುಡಿದು ಊದಿಕೊಳ್ಳುತ್ತದೆ, ಒಣಗುವಾಗ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಮುಖದ ಮೇಲೆ ಕೂರಿಸಿದ ತುಂಡು ಸಡಿಲವಾಗುತ್ತದೆ. ಶಾಫ್ಟ್ ತಲೆಗೆ ಸೇರುವ ಕತ್ತಿನ ಹತ್ತಿರ ಕಪ್ಪು ದಾರ ಒತ್ತಾಗಿ ಸುತ್ತಿರುವುದನ್ನು ನೋಡಿದ್ದೀರಾ? ಅದು ಚೆಂದಕ್ಕೆ ಸುತ್ತಿದ್ದಲ್ಲ. ಅಲ್ಲಿ ಮರ ತೆಳ್ಳಗಿರುತ್ತದೆ, ಸೀಳದಿರಲಿ ಅಂತ ಕಟ್ಟಿದ ಪಟ್ಟಿ. ಒಂದು ಸುತ್ತು ಬಿಚ್ಚಿದ್ದರೂ ಆಡುವ ಮೊದಲು ಹೊಸದಾಗಿ ಸುತ್ತಿಸಿ. ಉಣ್ಣೆಯ ಹೆಡ್‌ಕವರ್ ಇದ್ದರೆ ಅದು ಧೂಳಿಗೆ, ತಾಕಾಟಕ್ಕೆ ಸರಿ. ನೆನೆದ ಉಣ್ಣೆ ಮರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ.

ಐರನ್‌ಗಳ ಚುಕ್ಕೆಗೆ ಹೆದರಬೇಡಿ. ಹಳೆಯ ಫೋರ್ಜ್ಡ್ (ಬಡಿದು ಮಾಡಿದ) ಐರನ್ ಒಳಗೆ ಮೆದು ಕಾರ್ಬನ್ ಉಕ್ಕು, ಮೇಲೆ ಕ್ರೋಮ್ ಲೇಪ. ಕಲ್ಲು ತಾಗಿ ಲೇಪ ಹೋದ ಕಡೆ ಮಾತ್ರ ತುಕ್ಕು ಹಿಡಿಯುತ್ತದೆ. ಸೋಪಿನ ಉಗುರುಬೆಚ್ಚಗಿನ ನೀರು, ಮೆತ್ತಗಿನ ಬ್ರಷ್. ಅದಕ್ಕೂ ಹೋಗದಿದ್ದರೆ 0000 ನಂಬರಿನ ಅತಿ ಸಣ್ಣ ಉಕ್ಕಿನ ಉಣ್ಣೆಯಿಂದ ಹಗುರವಾಗಿ ಉಜ್ಜಿ. ಮರಳು ಕಾಗದ ಬೇಡ. ಒಣಗಿಸಿ, ಮಿಷನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಸವರಿ ಇಡಿ. ಆಡಲು ಹೋಗುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ, ತಲೆಯ ಮೇಲೆ ಏನನ್ನೂ ಸವರಿಕೊಂಡು ಹೊಡೆಯುವ ಹಾಗಿಲ್ಲ.

ನನಗೆ ಆತಂಕ ಇರುವುದು ಶಾಫ್ಟಿನ ಬಗ್ಗೆ. ಗ್ರಿಪ್ ಮುಗಿಯುವ ಜಾಗದಲ್ಲಿ ಉಗುರಿನಿಂದ ಸವರಿ ನೋಡಿ. ಗುಳಿ ಗುಳಿಯಾಗಿ ಉಗುರಿಗೆ ಸಿಕ್ಕರೆ ಆ ಕ್ಲಬ್ಬನ್ನು ಬೀಸಬೇಡಿ. ತುಕ್ಕು ತಿಂದ ಶಾಫ್ಟ್ ಬೀಸುವಾಗ ಮುರಿದರೆ ತುದಿ ಚೂಪಾಗಿರುತ್ತದೆ. ಗ್ರಿಪ್ ಬಿಚ್ಚಿಸಿ ಒಳಗೂ ನೋಡಿಸಿ, ಬೇಕಾದರೆ ಶಾಫ್ಟ್ ಬದಲಾಯಿಸಿ. ತಲೆ ಅವರದ್ದೇ ಇರುತ್ತದೆ. ಅದಾದ ಮೇಲೆ ಕವರ್ ಹಾಕಿಕೊಂಡು ಐರನ್‌ಗಳನ್ನು ಮಳೆಗೂ ಒಯ್ಯಿರಿ.

ಸಿಡಿಲು ಗುಡುಗು ಇರುವಾಗ ಬ್ಯಾಗಿಗೆ ಕವರ್ ಹಾಕಿ ಮರದ ಕೆಳಗೆ ನಿಲ್ಲಬಹುದಾ?

ಬೇಡ. ಮರದ ಕೆಳಗೆ ಬೇಡವೇ ಬೇಡ. ಉದ್ದಕ್ಕೆ ಒಂದೇ ಸೈರನ್ ಆದರೆ ಆ ಕ್ಷಣವೇ ಆಟ ನಿಲ್ಲಿಸಬೇಕು. ಸೈರನ್ ಆಗದಿದ್ದರೂ ಸಿಡಿಲಿನ ಭಯ ಇದ್ದರೆ ನೀವೇ ನಿಲ್ಲಿಸಬಹುದು, ನಿಯಮ 5.7 ಅದಕ್ಕೆ ಅವಕಾಶ ಕೊಡುತ್ತದೆ. ಬ್ಯಾಗ್, ಕೊಡೆ ಅಲ್ಲೇ ಬಿಟ್ಟು ಗೋಡೆ ಇರುವ ಕಟ್ಟಡಕ್ಕೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡಿ. ಕ್ಲಬ್ ನೆನೆದರೆ ನೆನೆಯಲಿ, ನಾನು ಸರಿ ಮಾಡಿಕೊಡುತ್ತೇನೆ.

ಆಟ ಮುಗಿದ ಮೇಲೆ ಕವರ್ ಸಮೇತ ಬ್ಯಾಗನ್ನು ಕಾರಿನ ಡಿಕ್ಕಿಗೆ ಹಾಕಿ, ಮುಂದಿನ ಭಾನುವಾರವೇ ತೆಗೆಯುತ್ತೇನೆ. ಇತ್ತೀಚೆಗೆ ಬ್ಯಾಗ್ ಮುಗ್ಗಲು ವಾಸನೆ ಹೊಡೆಯುತ್ತಿದೆ.
— ಭಾನುವಾರದ ಆಟಗಾರ

ಹೊರಗಿನ ನೀರು ಒಳಗೆ ಬಾರದ ಕವರ್ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಮಳೆ ನಿಂತ ಕೂಡಲೇ ಕವರ್ ತೆಗೆಯಬೇಕು, ಮೈದಾನದಲ್ಲೇ. ನೀವು ಏಳು ದಿನ ಮುಚ್ಚಿಟ್ಟಿದ್ದೀರಿ. ಬ್ಯಾಗಿನ ಬಾಯಲ್ಲಿರುವ ಫೋಮ್ ನೀರು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಂಡಿರುತ್ತದೆ, ಬೂಜು ಅಲ್ಲಿಂದ ಶುರು. ಡಿಕ್ಕಿಯ ಬಿಸಿ ಬೇರೆ. ತಲೆಯನ್ನು ಶಾಫ್ಟಿಗೆ ಹಿಡಿದಿರುವುದು ಎಪಾಕ್ಸಿ ಅಂಟು, ಬಿಸಿ ಜಾಸ್ತಿಯಾದರೆ ಅದು ಮೆತ್ತಗಾಗುತ್ತದೆ.

ಮನೆಗೆ ಬಂದ ಕೂಡಲೇ ಎಲ್ಲ ಕ್ಲಬ್ಬನ್ನೂ ಹೊರಗೆ ತೆಗೆಯಿರಿ. ಹೆಡ್‌ಕವರ್‌ಗಳನ್ನೂ ಬಿಚ್ಚಿ. ಕಾರ್ಬನ್ ಉಕ್ಕಿನ ಪಟರ್ (ಪಟ್ ಮಾಡುವ ಕ್ಲಬ್), ಲೇಪ ಇಲ್ಲದ ವೆಜ್ ಇದ್ದರೆ ಅವನ್ನು ಮೊದಲು ಒರೆಸಿ, ಒಂದು ರಾತ್ರಿಯಲ್ಲಿ ತುಕ್ಕು ಬರುವುದು ಅವಕ್ಕೇ. ಒಂದೊಂದೇ ಕ್ಲಬ್ಬಿನ ಗ್ರಿಪ್ ತುದಿ ಕೆಳಗೆ ಮಾಡಿ ಎರಡು ಸಲ ಜೋರಾಗಿ ಒದರಿ. ತೂತಿನಿಂದ ಹನಿ ಹಾರಿದರೆ ಒಳಗೆ ನೀರು ಹೋಗಿದೆ. ಅಂಥದ್ದನ್ನು ಮೇಜಿನ ಮೇಲೆ ಗ್ರಿಪ್ ತುದಿ ಅಂಚಿನಿಂದ ಹೊರಚಾಚುವ ಹಾಗೆ, ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸಿ. ಬ್ಯಾಗಿನ ಜೇಬೆಲ್ಲ ತೆರೆದು, ಬಾಯಿ ಕೆಳಗೆ ಮಾಡಿ ಕುರ್ಚಿಗೆ ಒರಗಿಸಿ ಫ್ಯಾನ್ ಹಾಕಿ. ಹೀಟರ್ ಬೇಡ, ಹೇರ್ ಡ್ರೈಯರ್ ಬೇಡ. ಎರಡು ದಿನ ಬೇಕಾಗುತ್ತದೆ. ಬಾಯಿಯ ಫೋಮನ್ನು ಬೆರಳಲ್ಲಿ ಒತ್ತಿ, ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ.

ಕವರನ್ನು ಹಗ್ಗದ ಮೇಲೆ ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರಡಿ. ಒಣಗಿದ ಮೇಲೆ ಮಡಿಸಿ ಬ್ಯಾಗಿನ ಹೊರಜೇಬಲ್ಲಿ, ಕೈಗೆ ಮೊದಲು ಸಿಗುವ ಕಡೆ ಇಡಿ.